ವರದಿ ಬಂತು, ಅರ್ಥ ಬರಲಿಲ್ಲ

2022ರಲ್ಲಿ ನನ್ನ ತಮ್ಮನ ಮಗಳು ಪ್ರಯೋಗಾಲಯದ ವರದಿಯೊಂದನ್ನು ನನ್ನ ಮುಂದಿಟ್ಟು, ‘ದೊಡ್ಡಪ್ಪ, ಜೀವಮಾನವಿಡೀ ಸರ್ಕಾರಿ ಕಡತ ಓದಿದವರು ನೀವು. ಇದರ ಅರ್ಥವೇನು ಹೇಳಿ’ ಎಂದಳು. ಸ್ಕ್ಯಾನಿಂಗ್‌ನಲ್ಲಿ ಏನೋ ಸಂದೇಹ ಕಂಡು ಆಕೆಗೆ ಗರ್ಭಜಲ ಪರೀಕ್ಷೆ ಮಾಡಿಸಲಾಗಿತ್ತು. ಭ್ರೂಣದ 15ನೇ ವರ್ಣತಂತುವಿನಲ್ಲಿ ಒಂದು ಸಣ್ಣ ತುಣುಕು ಇಲ್ಲ, ಅದರ ಪರಿಣಾಮ ಅನಿಶ್ಚಿತ ಎಂಬುದು ವರದಿಯ ಸಾರ. ಆಗ ಅವಳಿಗೆ 20ನೇ ವಾರ ನಡೆಯುತ್ತಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಡೌನ್ ಸಿಂಡ್ರೋಮ್‌ನಂತಹ ದೊಡ್ಡ ವ್ಯತ್ಯಾಸಗಳನ್ನು ಹಳೆಯ ವರ್ಣತಂತು ಪರೀಕ್ಷೆಯೇ ತೋರಿಸುತ್ತಿತ್ತು. ಇಂದಿನ ಮೈಕ್ರೊಅರೇ ಪರೀಕ್ಷೆಯು ಸೂಕ್ಷ್ಮದರ್ಶಕಕ್ಕೂ ನಿಲುಕದ ಲೋಪಗಳನ್ನು ಪತ್ತೆ ಮಾಡುತ್ತದೆ. ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಕುರಿತು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಸ್ಕ್ಯಾನಿಂಗ್‌ನಲ್ಲಿ ದೋಷ ಕಂಡಿದ್ದರೂ ಹಳೆಯ ಪರೀಕ್ಷೆ ಸಹಜವೆಂದಿದ್ದ ಪ್ರಕರಣಗಳ ಪೈಕಿ ಶೇ 6ರಲ್ಲಿ ಅದು ಮಹತ್ವದ ಮಾಹಿತಿ ನೀಡಿತು. ಈ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಲೆಯ ಕಣ್ಣು ಕಿರಿದಾದಷ್ಟೂ ಹೆಸರು ತಿಳಿಯದ ಮೀನುಗಳೂ ಸಿಕ್ಕಿಬೀಳುತ್ತವೆ.

ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಅಪಾಯ ಮತ್ತು ಅನಿಶ್ಚಿತತೆಗಳನ್ನು ಬೇರ್ಪಡಿಸಿದ್ದರು. ಸಂಭವನೀಯತೆಯನ್ನು ಲೆಕ್ಕಹಾಕಬಹುದಾದರೆ ಅದು ಅಪಾಯ. ಲೆಕ್ಕಕ್ಕೇ ಸಿಗದಿದ್ದರೆ ಅನಿಶ್ಚಿತತೆ. 15ನೇ ವರ್ಣತಂತುವಿನ ಈ ಲೋಪವಿರುವ ಕೆಲವು ಮಕ್ಕಳಲ್ಲಿ ಮಾತು ತಡವಾಗುತ್ತದೆ, ಕಲಿಕೆಯ ತೊಂದರೆ ಕಾಣಿಸುತ್ತದೆ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಅಷ್ಟೇ ಅಲ್ಲ, ಇಂತಹ ಲೋಪಗಳ ಬಗೆಗಿನ ಆರಂಭದ ತಿಳಿವಳಿಕೆ ಬಂದದ್ದು ತೊಂದರೆಯಿಂದಾಗಿ ಆಸ್ಪತ್ರೆಗೆ ಬಂದ ಮಕ್ಕಳಿಂದ. ಆರೋಗ್ಯವಾಗಿರುವವರು ಪರೀಕ್ಷೆಗೇ ಬರುವುದಿಲ್ಲ. ಆಸ್ಪತ್ರೆಯ ಹಾಜರಿ ಪುಸ್ತಕ ನೋಡಿ ಊರಿನ ಆರೋಗ್ಯ ಅಳೆದಂತೆ ಇದು.

ದಂಪತಿಯ ರಕ್ತ ಪರೀಕ್ಷೆಯಾಯಿತು. ಅದೇ ಲೋಪ ತಂದೆಯಲ್ಲೂ ಇತ್ತು; ಆತ ಎಂಜಿನಿಯರ್. ಮನೆಯವರು ನಿಟ್ಟುಸಿರು ಬಿಟ್ಟರು, ಗರ್ಭ ಮುಂದುವರಿಯಿತು. ಆದರೆ ಆ ಉತ್ತರಕ್ಕಾಗಿ ಕಾದ ಎರಡು ವಾರ ಆ ಹುಡುಗಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯು ನಿರ್ದಿಷ್ಟ ಪ್ರಕರಣಗಳಲ್ಲಿ ಮಿತಿಯನ್ನು 20ರಿಂದ 24 ವಾರಕ್ಕೆ ಏರಿಸಿದೆ. ಅದರಾಚೆ ವೈದ್ಯಕೀಯ ಮಂಡಳಿಯು ಗಣನೀಯ ವೈಪರೀತ್ಯವನ್ನು ಖಚಿತಪಡಿಸಬೇಕು. ಕಾನೂನು ಕೇಳುವುದು ‘ಗಂಭೀರವೇ?’ ಎಂದು, ವರದಿ ಹೇಳುವುದು ‘ಗೊತ್ತಿಲ್ಲ’ ಎಂದು. ಈ ಎರಡರ ನಡುವೆ ದಿನಗಳನ್ನು ಎಣಿಸುವವಳು ತಾಯಿ.

ಮಗುವಿಗೆ ಈಗ ಮೂರು ವರ್ಷ ತುಂಬಿದೆ. ಮಾತು ತಡವಾಯಿತು. ಕೂಡಲೇ ಕಪಾಟಿನಿಂದ ಹಳೆಯ ವರದಿ ಹೊರಬಂತು. ‘ಇವನಪ್ಪನೂ ಮೂರು ದಾಟಿದ ಮೇಲೇ ಮಾತಾಡಿದ್ದು’ ಎಂದರು ಅಜ್ಜಿ. ಅದು ಸಮಾಧಾನವೋ, ಲೋಪಕ್ಕೆ ಮತ್ತೊಂದು ಸಾಕ್ಷಿಯೋ ಯಾರೂ ಹೇಳಲಾರರು. ವಾಕ್ ಚಿಕಿತ್ಸೆ ಬೇಗ ಆರಂಭವಾದದ್ದು ನಿಜವಾದ ಲಾಭ. ಆದರೆ ಅದಕ್ಕೆ ವರ್ಣತಂತುವಿನ ಸಾಕ್ಷ್ಯ ಬೇಕಿರಲಿಲ್ಲ, ಮಗುವನ್ನು ಗಮನಿಸುವ ಕಣ್ಣು ಸಾಕಿತ್ತು. ಮಗು ಎಡವಿದಾಗಲೆಲ್ಲ ತಾಯಿಗೆ ವರದಿ ನೆನಪಾಗುವುದು ಮಾತ್ರ ನಿಂತಿಲ್ಲ.

ಪರೀಕ್ಷೆಯನ್ನು ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ. ಪ್ರಸವಪೂರ್ವ ಪರೀಕ್ಷೆಗಳನ್ನು ನಿಯಂತ್ರಿಸುವ 1994ರ ಕಾಯ್ದೆಯು ಆನುವಂಶಿಕ ಸಲಹಾ ಕೇಂದ್ರಗಳಿಗೂ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಆ ಸಲಹೆ ಸಹಿಯ ಶಾಸ್ತ್ರವಾಗದೆ, ಸೂಜಿ ಚುಚ್ಚುವ ಮೊದಲೇ ನಡೆಯಬೇಕು. ಅನಿಶ್ಚಿತ ಫಲಿತಾಂಶವೂ ಬರಬಹುದು, ಅದನ್ನು ತಿಳಿಯಲು ಇಚ್ಛಿಸುವಿರಾ ಎಂದು ದಂಪತಿಯನ್ನು ಕೇಳಬೇಕು. ತಂದೆ ತಾಯಿಯ ಮಾದರಿಗಳನ್ನೂ ಜತೆಗೇ ಪಡೆದರೆ ಅಮೂಲ್ಯವಾದ ಎರಡು ವಾರ ಉಳಿಯುತ್ತದೆ.

ಭಾರತೀಯರ ಸಹಜ ವೈವಿಧ್ಯದ ದತ್ತಾಂಶವೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ‘ಜೀನೋಮ್ ಇಂಡಿಯಾ’ ಯೋಜನೆಯ ಸುಮಾರು 10,000 ಜನರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು. ಇದು ಒಳ್ಳೆಯ ಆರಂಭ. ಇಂತಹ ವರದಿಗಳೊಂದಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನೂ ವರ್ಷಗಳ ಕಾಲ ದಾಖಲಿಸಬೇಕು. ಆಗ ಮಾತ್ರ ಇಂದಿನ ಅನಿಶ್ಚಿತತೆ ನಾಳೆ ಲೆಕ್ಕಕ್ಕೆ ಸಿಗುವ ಅಪಾಯವಾದೀತು. ಎಲ್ಲಕ್ಕಿಂತ ಮುಖ್ಯವಾಗಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಕೇಂದ್ರಗಳಲ್ಲಿ ವಾಕ್ ಚಿಕಿತ್ಸಕರ ಹುದ್ದೆ ಖಾಲಿ ಉಳಿಯಬಾರದು. ಮಗು ತಡವಾಗಿ ಮಾತನಾಡಿದರೂ ನೆರವು ಹತ್ತಿರದಲ್ಲೇ ಇದೆ ಎಂಬ ಭರವಸೆಯಿದ್ದರೆ, ಅರ್ಥವಾಗದ ವರದಿಯನ್ನು ಕೈಯಲ್ಲಿ ಹಿಡಿದ ತಾಯಿಯ ಭಯ ಅರ್ಧ ಕಡಿಮೆಯಾಗುತ್ತದೆ.