ಸೆರೆಸಿಕ್ಕ ಟ್ಯಾಂಕಿನ ಬಣ್ಣ

ಯುದ್ಧದ ಟ್ಯಾಂಕುಗಳ ಪುಟ್ಟ ಪ್ರತಿಕೃತಿಗಳನ್ನು ಬಿಡಿಭಾಗಗಳಿಂದ ಜೋಡಿಸಿ ಅವುಗಳಿಗೆ ಬಣ್ಣ ಹಚ್ಚುವುದು ಜಗತ್ತಿನ ಅನೇಕ ದೇಶಗಳಲ್ಲಿ ಪ್ರಚಾರದಲ್ಲಿರುವ ಹವ್ಯಾಸ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರುಂಟು. ಯುದ್ಧದ ಆರಾಧನೆಯೆಂದು ಹಳಿಯುವವರೂ ಉಂಟು. ಎರಡು ಆಕ್ಷೇಪಗಳೂ ತೀರ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಈ ಹವ್ಯಾಸದಲ್ಲಿ ಒಂದು ವಿಶೇಷ ಶಾಖೆಯಿದೆ. ಶತ್ರುವಿನಿಂದ ವಶಪಡಿಸಿಕೊಂಡು, ತನ್ನ ಗುರುತನ್ನು ಬರೆದು, ಅದೇ ಶತ್ರುವಿನ ಮೇಲೆ ಮರಳಿ ಹೂಡಿದ ವಾಹನಗಳ ಪ್ರತಿಕೃತಿಗಳನ್ನು ರಚಿಸುವುದೇ ಆ ಶಾಖೆ. ಇಲ್ಲಿ ಬಣ್ಣವೆಂಬುದು ಕೇವಲ ಅಲಂಕಾರವಾಗಿ ಉಳಿಯುವುದಿಲ್ಲ. ನಡೆದ ಸಂಗತಿಯ ವಿಷಯವಾಗಿ ಮಾಡಿದ ಒಂದು ಹೇಳಿಕೆಯಾಗುತ್ತದೆ. ಹೇಳಿಕೆಗೆ ಆಧಾರ ಬೇಕೆಂಬುದು ವಿಜ್ಞಾನದ ಮೊದಲ ಪಾಠ. ಆ ಪಾಠವನ್ನು ಈ ಪುಟ್ಟ ವಸ್ತುಗಳಿಗೂ ಅನ್ವಯಿಸತಕ್ಕದ್ದೆಂಬುದು ನನ್ನ ವಾದ.

ಸೆರೆಸಿಕ್ಕ ವಾಹನಗಳ ಬಳಕೆ ಟ್ಯಾಂಕಿನಷ್ಟೇ ಹಳೆಯದೆನ್ನಬಹುದು. 1917ರ ನವೆಂಬರಿನಲ್ಲಿ ಕಾಂಬ್ರೆಯ ಕಾಳಗವಾದ ಮೇಲೆ ಜರ್ಮನರು ಬ್ರಿಟಿಷರ ಹಲವು ಟ್ಯಾಂಕುಗಳನ್ನು ಎಳೆದೊಯ್ದು, ಬೆಲ್ಜಿಯಮ್ಮಿನ ಶಾರ್ಲರ್ವಾದಲ್ಲಿ ದುರಸ್ತಿ ಮಾಡಿ, ದೊಡ್ಡ ಶಿಲುಬೆಗಳನ್ನು ಬರೆದು ರಣರಂಗಕ್ಕೆ ಕಳುಹಿಸಿದರು. ಅವರು ಸ್ವತಃ ಕಟ್ಟಿದ ಎ7ವಿ ಟ್ಯಾಂಕುಗಳು ಕೇವಲ 20. ವಶಪಡಿಸಿಕೊಂಡು ಬಳಸಿದವು ಅದಕ್ಕಿಂತ ಹೆಚ್ಚು. ಎರಡನೆಯ ಮಹಾಯುದ್ಧದಲ್ಲಿ ಇದು ಒಂದು ಪದ್ಧತಿಯೇ ಆಯಿತು. ಫ್ರಾನ್ಸಿನದಾದರೆ ‘ಎಫ್’, ರಷ್ಯದ್ದಾದರೆ ‘ಆರ್’ ಎಂದು ವಾಹನದ ಹೆಸರಿನ ಕೊನೆಗೆ ಅಕ್ಷರ ಸೇರಿಸಿ ಜರ್ಮನರು ಅವುಗಳ ಮೂಲವನ್ನು ಗುರುತಿಸುತ್ತಿದ್ದರು. ಸೋವಿಯತ್ ಒಕ್ಕೂಟವೂ ಹಿಂದೆ ಬೀಳಲಿಲ್ಲ. ಸೆರೆಸಿಕ್ಕ ಜರ್ಮನ್ ಟ್ಯಾಂಕುಗಳ ಅಡಿಗಟ್ಟಿನ ಮೇಲೆ ತನ್ನ ತೋಪನ್ನು ಕೂಡಿಸಿ, ಎಸ್‌ಯು-76ಐ ಎಂಬ ಸುಮಾರು 200 ವಾಹನಗಳನ್ನು ಅದು ತಯಾರಿಸಿತು.

ಇಂಥ ವಾಹನದ ಒಳಗೆ ಕುಳಿತವನ ಸ್ಥಿತಿಯನ್ನು ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ಸೈನಿಕನು ದೂರದಿಂದ ಟ್ಯಾಂಕನ್ನು ಗುರುತಿಸುವುದು ಅದರ ಆಕೃತಿಯಿಂದ. ರಷ್ಯದ ಟಿ-34ರಲ್ಲಿ ಕುಳಿತ ಜರ್ಮನನಿಗೆ ರಷ್ಯನರ ಗುಂಡಿನ ಭಯ ಎಷ್ಟೋ, ತನ್ನವರ ಗುಂಡಿನ ಭಯವೂ ಅಷ್ಟೇ. ಆಕೃತಿ ‘ಶತ್ರು’ ಎಂದು ಸಾರುತ್ತಿರುವಾಗ ‘ಮಿತ್ರ’ ಎಂಬ ಗುರುತು ಅದಕ್ಕಿಂತ ಗಟ್ಟಿಯಾಗಿ ಸಾರಬೇಕು. ಎಷ್ಟು ಗಟ್ಟಿಯಾಗಿ? ಸರಳವಾದ ಲೆಕ್ಕದಿಂದ ತಿಳಿಯಬಹುದು. ಆರೋಗ್ಯವಂತನ ಕಣ್ಣು ಬೇರೆಬೇರೆಯಾಗಿ ಕಾಣಬಲ್ಲ ಅತಿ ಚಿಕ್ಕ ಕೋನ ಸುಮಾರು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ. ಒಂದು ಕಿಲೋಮೀಟರ್ ದೂರದಲ್ಲಿ ಈ ಕೋನಕ್ಕೆ ಸಲ್ಲುವ ಅಗಲ 29 ಸೆಂಟಿಮೀಟರ್. ಒಂದಡಿಯ ಶಿಲುಬೆ ಆ ದೂರಕ್ಕೆ ಬರಿಯ ಚುಕ್ಕೆ. ಅದು ಶಿಲುಬೆಯೆಂದು ತಿಳಿಯಬೇಕಾದರೆ ಅದರ ಮೂರು ನಾಲ್ಕು ಪಟ್ಟಾದರೂ ಇರಬೇಕು. ಜರ್ಮನರ ವಶದಲ್ಲಿದ್ದ ಟಿ-34ರ ಛಾಯಾಚಿತ್ರಗಳಲ್ಲಿ ಗೋಪುರದ ಪಕ್ಕವನ್ನೆಲ್ಲ ಆವರಿಸಿದ ಶಿಲುಬೆಗಳು ಕಾಣುವುದೂ, ವಿಮಾನದವರಿಗೆ ಕಾಣಲೆಂದು ಮೇಲುಬಾಗಿಲಿನ ಮೇಲೂ ಅವು ಇರುವುದೂ ಇದರಿಂದಲೇ. ಅಂದವಾಗಿ ಕಾಣಲೆಂದು ಅಲ್ಲಿ ಚಿಕ್ಕ ಶಿಲುಬೆಯನ್ನು ಬರೆಯುವ ಹವ್ಯಾಸಿಯು ಆ ವಾಹನದೊಳಗಿದ್ದವನ ಭಯವನ್ನೇ ಅಳಿಸಿಬಿಡುತ್ತಾನೆ.

ಇನ್ನು ಬಣ್ಣದ ಪ್ರಶ್ನೆ. ಸೆರೆಹಿಡಿದ ಟಿ-34ಗಳಲ್ಲಿ ಕೆಲವನ್ನು ಜರ್ಮನರು ಸೋವಿಯತ್ ಹಸಿರಿನಲ್ಲೇ ಬಿಟ್ಟರು. ಕೆಲವಕ್ಕೆ ತಮ್ಮ ಬಣ್ಣವನ್ನು ಬಳಿದರು. ಆ ಬಣ್ಣವೂ ಒಂದೇ ಆಗಿರಲಿಲ್ಲ. 1943ರ ಫೆಬ್ರವರಿಯವರೆಗೆ ಕಡುಬೂದು, ಅನಂತರ ಕಡುಹಳದಿ. ಮೇಲಿನ ಮರೆಬಣ್ಣಗಳಂತೂ ಮುದ್ದೆಯ ರೂಪದಲ್ಲಿ ಬರುತ್ತಿದ್ದು, ಸೈನಿಕರು ನೀರನ್ನೋ ಪೆಟ್ರೋಲನ್ನೋ ಬೆರೆಸಿ ಬಳಿಯುತ್ತಿದ್ದುದರಿಂದ ಒಂದೊಂದು ತುಕಡಿಯಲ್ಲಿ ಒಂದೊಂದು ಛಾಯೆಯಾಗುತ್ತಿತ್ತು. ಇವುಗಳಲ್ಲಿ ಯಾವುದೆಂದು ನಿರ್ಣಯಿಸಲು ನಮಗಿರುವುದು ಬಹುಮಟ್ಟಿಗೆ ಕಪ್ಪು ಬಿಳುಪಿನ ಛಾಯಾಚಿತ್ರ. ನಮ್ಮ ಕಣ್ಣು ಬಣ್ಣವನ್ನು ಮೂರು ಬಗೆಯ ಗ್ರಾಹಕಗಳಿಂದ ಅಳೆಯುತ್ತದೆ. ಕಪ್ಪು ಬಿಳುಪಿನ ಫಿಲ್ಮು ಆ ಮೂರಕ್ಕೂ ಸೇರಿ ಒಂದೇ ಅಳತೆಯನ್ನು ಉಳಿಸುತ್ತದೆ. ಒಂದು ಸಂಖ್ಯೆಯಿಂದ ಮೂರು ಅಜ್ಞಾತಗಳನ್ನು ಕಂಡುಹಿಡಿಯಲಾಗದೆಂಬುದನ್ನು ಬೀಜಗಣಿತ ಕಲಿತ ಬಾಲಕನೂ ಬಲ್ಲ. ಸಾಲದುದಕ್ಕೆ, ಆ ಕಾಲದಲ್ಲಿ ಎರಡು ಬಗೆಯ ಫಿಲ್ಮುಗಳಿದ್ದವು. ಆರ್ಥೋಕ್ರೊಮ್ಯಾಟಿಕ್ ಎಂಬುದು ಕೆಂಪನ್ನು ಗ್ರಹಿಸದು. ಅದರಲ್ಲಿ ಕೆಂಪು ನಕ್ಷತ್ರ ಕಪ್ಪಾಗಿಯೂ ನೀಲಿ ಬೆಳ್ಳಗೂ ಮೂಡುತ್ತವೆ. ಪ್ಯಾನ್‌ಕ್ರೊಮ್ಯಾಟಿಕ್ ಎಂಬುದು ಎಲ್ಲ ಬಣ್ಣಗಳನ್ನೂ ಗ್ರಹಿಸುತ್ತದೆ. ಆದಕಾರಣ ‘ಚಿತ್ರದಲ್ಲಿ ಹಸಿರಾಗಿ ಕಾಣುತ್ತದೆ’ ಎನ್ನುವವನ ಮಾತು ಊಹೆಯೇ ಹೊರತು ವೀಕ್ಷಣೆಯಲ್ಲ.

ಗಾತ್ರವನ್ನು ಕುಗ್ಗಿಸುವುದರಲ್ಲಿಯೂ ವಿಚಾರಮಾಡತಕ್ಕ ಸಂಗತಿಗಳಿವೆ. ಈ ಹವ್ಯಾಸದಲ್ಲಿ ಬಹಳ ರೂಢಿಯಾಗಿರುವ ಪ್ರಮಾಣ ಮೂವತ್ತೈದಕ್ಕೆ ಒಂದು. ಇದು ಬಂದುದು ಗಣಿತದ ಅನುಕೂಲದಿಂದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಸಂಸ್ಥೆಯು ತಯಾರಿಸಿದ ಪ್ಯಾಂಥರ್ ಟ್ಯಾಂಕಿನ ಹೊಟ್ಟೆಯಲ್ಲಿ ವಿದ್ಯುತ್ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕಾಗಿದ್ದವು. ಅದರಿಂದ ಬಂದ ಅಳತೆಯೇ ಮುಂದೆ ರೂಢಿಯಾಯಿತು. ಈ ಪ್ರಮಾಣದಲ್ಲಿ ಉದ್ದವು 35ನೆಯ ಒಂದು ಭಾಗವಾದರೆ, ಮೇಲ್ಮೈ 1,225ನೆಯ ಒಂದು ಭಾಗವೂ ಗಾತ್ರ 42,875ನೆಯ ಒಂದು ಭಾಗವೂ ಆಗುತ್ತವೆ. 30 ಟನ್ನಿನ ಟಿ-34 ಹೀಗೆ ಕುಗ್ಗಿದರೆ, ಉಕ್ಕಿನದೇ ಆಗಿದ್ದರೂ, 700 ಗ್ರಾಂ ತೂಗೀತು. ಪ್ಲಾಸ್ಟಿಕ್ಕಿನದು ಇನ್ನೂ ಹಗುರ. ನೆಲದ ಮೇಲಿನ ಒತ್ತಡವೂ ಕುಗ್ಗುವುದರಿಂದ ಅದು ಕೆಸರಿನಲ್ಲಿ ಹೂಳುವುದಿಲ್ಲ, ಚಕ್ರಗಳ ಮೇಲಿನ ಪಟ್ಟಿ ತನ್ನ ಭಾರಕ್ಕೆ ತಾನೇ ಜೋಲುವುದಿಲ್ಲ. ಇವನ್ನೆಲ್ಲ ಕೈಯಿಂದ ಮಾಡಬೇಕು. ಕುಂಚದಿಂದ ಬಳಿದ ಬಣ್ಣ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ದಪ್ಪವಾದರೂ, ನಿಜವಾದ ಟ್ಯಾಂಕಿನ ಮೇಲೆ ಒಂದೂ ಮುಕ್ಕಾಲು ಮಿಲಿಮೀಟರ್ ಗಾರೆ ಮೆತ್ತಿದಂತೆಯೇ ಸರಿ.

ಪ್ರತಿಕೃತಿಗೆ ಮೂಲಕ್ಕಿಂತ ತಿಳಿಯಾದ ಬಣ್ಣ ಹಚ್ಚಬೇಕೆಂಬ ನಿಯಮವೊಂದು ಹವ್ಯಾಸಿಗಳಲ್ಲಿದೆ. ನಡುವಿನ ಗಾಳಿಯು ದೂರದ ವಸ್ತುವನ್ನು ಮಸುಕಾಗಿಸುವುದೇ ಕಾರಣವೆಂದು ಹೇಳುವುದುಂಟು. ಇದನ್ನು ನಾನು ಒಪ್ಪಲಾರೆ. ಮೂವತ್ತು ಸೆಂಟಿಮೀಟರಿನಿಂದ ಪ್ರತಿಕೃತಿಯನ್ನು ನೋಡುವುದು ಹತ್ತೂವರೆ ಮೀಟರಿನಿಂದ ನಿಜವಾದ ಟ್ಯಾಂಕನ್ನು ನೋಡಿದಂತೆ. ಅಷ್ಟು ಗಾಳಿ ಯಾವ ಬಣ್ಣವನ್ನೂ ಮಾಸಿಸದು. ನಿಯಮದಲ್ಲಿ ಹುರುಳಿದ್ದರೆ ಅದಕ್ಕೆ ಕಾರಣ ಬೆಳಕು. ಹೊರಗಿನ ಬಿಸಿಲು ಕೊಠಡಿಯ ದೀಪದ ಇನ್ನೂರು ಮುನ್ನೂರು ಪಟ್ಟು ಪ್ರಖರ. ಮಂದವಾದ ಬೆಳಕಿನಲ್ಲಿ ಬಣ್ಣ ಕಳೆಗುಂದಿ ಕಪ್ಪಿಡುತ್ತದೆ. ಫಲ ಒಂದೇ ಆದರೂ ತಪ್ಪು ಕಾರಣವನ್ನು ಒಪ್ಪಿ ಕೂರುವುದು ವಿಜ್ಞಾನಕ್ಕೆ ಸಲ್ಲದು.

‘ಒಂದು ಆಟಿಕೆಗೆ ಇಷ್ಟೊಂದು ವಿಚಾರವೇಕೆ?’ ಎಂದು ಕೇಳಬಹುದು. ಮೂಲವಸ್ತುವೇ ದುರ್ಲಭವಾದಾಗ ಪ್ರತಿಕೃತಿಯೇ ಪ್ರಮಾಣವಾಗಿಬಿಡುವುದರಿಂದ. ಇಪ್ಪತ್ತು ಎ7ವಿಗಳಲ್ಲಿ ಇಂದು ಉಳಿದಿರುವುದು ಒಂದೇ. ‘ಮೆಫಿಸ್ಟೊ’ ಎಂಬ ಆ ಟ್ಯಾಂಕು 1918ರಲ್ಲಿ ಫ್ರಾನ್ಸಿನಲ್ಲಿ ಆಸ್ಟ್ರೇಲಿಯದವರ ಕೈಸೇರಿ, ಈಗ ಕ್ವೀನ್ಸ್‌ಲ್ಯಾಂಡ್ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ. ಬ್ರಿಟಿಷ್ ಟ್ಯಾಂಕನ್ನು ಕಂಕುಳಲ್ಲಿ ಇರುಕಿಕೊಂಡ ಕೆಂಪು ಪಿಶಾಚಿಯನ್ನು ಜರ್ಮನರು ಅದರ ಮೇಲೆ ಬರೆದಿದ್ದರು. ಗೆದ್ದವರು ಎ7ವಿಯ ಮೇಲೆ ಪಂಜವಿಟ್ಟ ಸಿಂಹವನ್ನು ಬರೆದರು. ಒಂದೇ ಉಕ್ಕಿನ ಮೇಲೆ ಇಬ್ಬರ ಹೆಮ್ಮೆ. ಇಂಥ ಲೇಖನಗಳ ಒಂದು ಪದರವನ್ನು ಬಿಟ್ಟು ಇನ್ನೊಂದನ್ನು ಮಾತ್ರ ಬರೆದವನು ಅರ್ಧ ಇತಿಹಾಸವನ್ನೇ ಮರೆಮಾಡಿದಂತಾಗುತ್ತದೆ. ನಮ್ಮ ದೇಶದಲ್ಲಿಯೂ, 1965ರ ಸೆಪ್ಟೆಂಬರಿನಲ್ಲಿ ಅಸಲ್ ಉತ್ತಾರಿನ ಕಾಳಗದಲ್ಲಿ ಪಾಕಿಸ್ತಾನವು ಕಳೆದುಕೊಂಡಂಥ ಪ್ಯಾಟನ್ ಟ್ಯಾಂಕುಗಳು ಬಯಲಲ್ಲಿ ಪ್ರದರ್ಶನಕ್ಕೆ ನಿಂತಿರುವುದುಂಟು. ಬಿಸಿಲು ಮಳೆಗೆ ನಿಂತ ಉಕ್ಕಿಗೆ ಆಗಾಗ ಹೊಸ ಬಣ್ಣ ಬೇಕೇ ಬೇಕು. ಆದರೆ ಒಂದೊಂದು ಲೇಪವೂ ಹಿಂದಿನ ಸಾಕ್ಷ್ಯವನ್ನು ಮುಚ್ಚುತ್ತದೆ. ಮುಂದಿನವರು ನಂಬುವುದು ಪುಸ್ತಕದ ಚಿತ್ರವನ್ನು, ಪೆಟ್ಟಿಗೆಯ ಮೇಲಿನ ಚಿತ್ರವನ್ನು, ಮೇಜಿನ ಮೇಲಿನ ಪ್ರತಿಕೃತಿಯನ್ನು. ಹೀಗೆ ಒಬ್ಬನ ಊಹೆ ಮೂರನೆಯವನ ಕೈಯಲ್ಲಿ ಸತ್ಯವಾಗುತ್ತದೆ.

ಆದುದರಿಂದ ನನ್ನ ಸೂಚನೆ ಇಷ್ಟೆ. ಸೆರೆಸಿಕ್ಕ ವಾಹನದ ಪ್ರತಿಕೃತಿಯೊಂದಿಗೆ ಒಂದು ಚೀಟಿಯನ್ನೂ ಇಡಬೇಕು. ಛಾಯಾಚಿತ್ರದಲ್ಲಿ ಸ್ಪಷ್ಟವಾಗಿರುವುದು ಯಾವುದು, ಬೇರೆ ದಾಖಲೆಯಿಂದ ತಿಳಿದದ್ದು ಯಾವುದು, ಕೇವಲ ಊಹಿಸಿದ್ದು ಯಾವುದು ಎಂಬ ಮೂರು ಸಾಲುಗಳು ಅದರಲ್ಲಿದ್ದರೆ ಸಾಕು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಅಳತೆಯ ಪಕ್ಕದಲ್ಲಿ ದೋಷದ ಮಿತಿಯನ್ನು ಬರೆಯುವಂತೆಯೇ ಇದು. ಯುದ್ಧದ ಆರಾಧನೆಯೆಂಬ ಆಕ್ಷೇಪಕ್ಕೂ ಇದೇ ತಕ್ಕ ಉತ್ತರ. ಆರಾಧನೆಗೆ ಹೊಳಪು ಬೇಕು. ಈ ಚೀಟಿಯು ಕೇಳುವುದು ನಿಜವನ್ನು. ಒಂದು ಟ್ಯಾಂಕು ಕೈ ಬದಲಾಯಿಸಿತೆಂದರೆ ಅದರೊಳಗಿದ್ದವರು ಓಡಿಹೋದರು, ಸೆರೆಯಾದರು, ಇಲ್ಲವೆ ಸತ್ತರು. ಅವರ ಹೆಸರು ನಮಗೆ ದೊರೆಯದಿರಬಹುದು. ಅವರು ಬಿಟ್ಟುಹೋದ ಬಣ್ಣವನ್ನಾದರೂ ನಾವು ಸುಳ್ಳು ಮಾಡದಿರೋಣ.