ಥೈರಾಯ್ಡ್ ಕೊರತೆ: ಮನೆಯ ಪರೀಕ್ಷೆ ಎಲ್ಲಿಯವರೆಗೆ?

“ಡಾಕ್ಟ್ರೇ, ಥೈರಾಯ್ಡ್ ಇದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದಂತೆ, ನಿಜವೇ?” ಕೊಪ್ಪದ ಸುತ್ತಲಿನ ಹಳ್ಳಿಗಳಿಂದ ಚಿಕಿತ್ಸೆಗೆ ಬರುವ ತಾಯಂದಿರು ಈಚೆಗೆ ಕೇಳುವ ಪ್ರಶ್ನೆಯಿದು. ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನ ಥರ್ಮಾಮೀಟರನ್ನು ಹತ್ತು ನಿಮಿಷ ಕಂಕುಳಲ್ಲಿಟ್ಟುಕೊಳ್ಳುವುದು, ಉಷ್ಣತೆ 97.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಥೈರಾಯ್ಡ್ ಕುಂದಿದೆಯೆಂದೂ ಮೇಲಿದ್ದರೆ ತೊಂದರೆಯಿಲ್ಲವೆಂದೂ ತಿಳಿಯುವುದು: ಇದು ಆ ವಿಧಾನ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಅನುಮಾನ ಪಡುವುದು ಮನೆಯವರ ಕೆಲಸ. ನಿರ್ಣಯಿಸುವುದು ರಕ್ತಪರೀಕ್ಷೆಯ ಕೆಲಸ. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿದರೆ ಹಾನಿ ತಪ್ಪಿದ್ದಲ್ಲ.

ಈ ಥರ್ಮಾಮೀಟರ್ ವಿಧಾನವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ವೈದ್ಯ ಬ್ರೋಡಾ ಬಾರ್ನ್ಸ್. ಅವರು ಇದರ ಕುರಿತು ಬರೆದದ್ದು 1942ರಲ್ಲಿ. ಥೈರಾಯ್ಡ್ ಸ್ಥಿತಿಯನ್ನು ರಕ್ತದಿಂದ ನಿಖರವಾಗಿ ಅಳೆಯುವ ಇಂದಿನ ಸೌಲಭ್ಯ ಆಗ ಇರಲಿಲ್ಲ. ಆದುದರಿಂದ ಅಂದಿನ ಕಾಲಕ್ಕೆ ಅದೊಂದು ಸಹಜ ಪ್ರಯತ್ನವೇ ಆಗಿತ್ತು. ಆದರೆ ದೇಹದ ಉಷ್ಣತೆಯನ್ನು ಏರಿಳಿಸುವ ಕಾರಣಗಳು ಹಲವು. ಕಂಕುಳಿನ ಉಷ್ಣತೆ ಬಾಯಿಯ ಉಷ್ಣತೆಗಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಸ್ತ್ರೀಯರಲ್ಲಿ ಋತುಚಕ್ರದ ಮೊದಲರ್ಧಕ್ಕಿಂತ ಎರಡನೆಯ ಅರ್ಧದಲ್ಲಿ ಅದು ಅರ್ಧ ಡಿಗ್ರಿಯಿಂದ ಒಂದು ಡಿಗ್ರಿಯವರೆಗೆ ಏರುವುದುಂಟು. ಮಾಗಿಯ ಚಳಿ, ನಿದ್ದೆಗೆಟ್ಟ ರಾತ್ರಿ, ಅರೆಹೊಟ್ಟೆ, ವೃದ್ಧಾಪ್ಯ ಇವೆಲ್ಲವೂ ಅಂಕಿಯನ್ನು ಬದಲಿಸುತ್ತವೆ. ಹೀಗಾಗಿ ಆರೋಗ್ಯವಂತಳು ರೋಗಿಯೆಂದು ಹೆದರುತ್ತಾಳೆ. ನಿಜವಾಗಿ ರೋಗವಿರುವವಳು ನಿಶ್ಚಿಂತಳಾಗಿ ಮನೆಯಲ್ಲಿ ಉಳಿಯುತ್ತಾಳೆ. ಎರಡನೆಯದು ಹೆಚ್ಚು ಅಪಾಯಕರ.

ರಕ್ತಪರೀಕ್ಷೆ ಮಾಡುವುದೇನು ಎಂಬುದನ್ನು ನಮ್ಮ ಸೀಮೆಯ ರೈತರಿಗೆ ತಿಳಿಸುವುದು ಕಷ್ಟವಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ಗದ್ದೆಗಳಿಗೆ ನೀರು ತಲುಪದಿದ್ದಾಗ, ಪೈರು ಒಣಗುವುದಕ್ಕೆ ಮೊದಲೇ ರೈತರ ಕೂಗು ಏಳುತ್ತದೆ. ಕೊರತೆ ಹೆಚ್ಚಿದಷ್ಟೂ ಕೂಗು ಜೋರಾಗುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕೂಗೇ ಟಿ.ಎಸ್.ಎಚ್. ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿ ತನ್ನ ರಸವನ್ನು ಸಾಕಷ್ಟು ಸ್ರವಿಸದಿದ್ದರೆ ಟಿ.ಎಸ್.ಎಚ್. ಪ್ರಮಾಣ ರಕ್ತದಲ್ಲಿ ಏರುತ್ತದೆ. ಲಕ್ಷಣಗಳು ಮೈಮೇಲೆ ಕಾಣುವ ಮೊದಲೇ ಈ ಏರಿಕೆ ಪತ್ತೆಯಾಗುತ್ತದೆ. ವಯಸ್ಕರಲ್ಲಿ ಸುಮಾರು 0.4ರಿಂದ 4ರವರೆಗಿನ ಪ್ರಮಾಣವನ್ನು ಸಾಮಾನ್ಯವೆಂದು ಪರಿಗಣಿಸುತ್ತಾರೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಲ್ಪ ವ್ಯತ್ಯಾಸವಿರುತ್ತದೆ. ಥರ್ಮಾಮೀಟರ್ ಹಿಡಿದು ಕುಳಿತವರು ಪೈರು ಒಣಗುವುದನ್ನು ಕಾಯುತ್ತಿದ್ದಾರೆಂದೇ ಹೇಳಬೇಕು.

ಹಾಗೆಂದು ಮನೆಯವರ ಗಮನ ನಿಷ್ಪ್ರಯೋಜಕವಲ್ಲ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ತ್ರಿವಿಧ ಪರೀಕ್ಷೆಯನ್ನು ಆಯುರ್ವೇದ ಬೋಧಿಸಿದೆ. ಇವುಗಳ ಮೊದಲ ಹೆಜ್ಜೆಯನ್ನು ಮನೆಯವರೂ ಇಡಬಹುದು. ಇತರರಿಗೆ ಸೆಖೆಯಾಗುವಾಗಲೂ ಚಳಿಯೆನ್ನುವುದು, ಮಲಬದ್ಧತೆ, ಚರ್ಮ ಒಣಗುವುದು, ಕೂದಲು ಉದುರುವುದು, ಬೆಳಗ್ಗೆ ಮುಖ ಊದಿಕೊಳ್ಳುವುದು, ಧ್ವನಿ ಗಡಸಾಗುವುದು, ಊಟ ಹೆಚ್ಚದೆಯೂ ತೂಕ ಏರುವುದು, ಮುಟ್ಟಿನಲ್ಲಿ ಅತಿಸ್ರಾವ, ಮರೆವು, ಯಾವುದರಲ್ಲಿಯೂ ಉತ್ಸಾಹವಿಲ್ಲದಿರುವುದು ಮುಖ್ಯ ಲಕ್ಷಣಗಳು. ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಕೆಲವು ವಾರ ಉಳಿದರೆ ಪರೀಕ್ಷೆ ಮಾಡಿಸಬೇಕು. ಕಬ್ಬಿನ ಗದ್ದೆಯಲ್ಲಿ ದುಡಿದು ಬಂದು ಮನೆಗೆಲಸವನ್ನೂ ಮಾಡುವ ಹೆಣ್ಣುಮಗಳ ಆಯಾಸವನ್ನು “ಕೆಲಸ ಜಾಸ್ತಿ” ಎಂದೋ “ಸೋಮಾರಿತನ” ಎಂದೋ ತಳ್ಳಿಹಾಕುವುದು ಅನ್ಯಾಯ. ಕಾಯಕಕ್ಕೆ ಕಾಯವೇ ಆಧಾರವಲ್ಲವೇ? ಆದರೆ ರಕ್ತಹೀನತೆ, ಸಕ್ಕರೆ ಕಾಯಿಲೆ, ಮನೋವ್ಯಥೆಗಳಲ್ಲಿಯೂ ಇಂತಹ ಆಯಾಸವೇ ಕಾಣುವುದರಿಂದ ಲಕ್ಷಣಗಳನ್ನಷ್ಟೇ ನೋಡಿ ರೋಗಕ್ಕೆ ಹೆಸರಿಡಲಾಗದು.

ಕನ್ನಡಿಯ ಮುಂದೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಒಂದು ಗುಟುಕು ನೀರು ನುಂಗುತ್ತಾ ಕುತ್ತಿಗೆಯ ಕೆಳಭಾಗವನ್ನು ನೋಡಿಕೊಳ್ಳುವುದು ಇನ್ನೊಂದು ಕ್ರಮ. ಇದರಿಂದ ಗಂಟು ಅಥವಾ ಊತ ಕಾಣಬಹುದು, ಕಂಡರೆ ವೈದ್ಯರ ಬಳಿ ಹೋಗಬೇಕು. ಆದರೆ ಊತವಿಲ್ಲದೆಯೂ ಗ್ರಂಥಿ ಕುಂದಿರಬಹುದು. ಊತವಿದ್ದೂ ಸರಿಯಾಗಿ ಕೆಲಸ ಮಾಡುತ್ತಿರಬಹುದು. ಚರ್ಮದ ಮೇಲೆ ಟಿಂಚರ್ ಅಯೋಡಿನ್ ಹಚ್ಚಿ, ಬಣ್ಣ ಎಷ್ಟು ಬೇಗ ಮಾಸಿತೆಂದು ನೋಡುವ ಕ್ರಮವಂತೂ ಥೈರಾಯ್ಡ್ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಲಕ್ಷಣಗಳಿಗಾಗಿ ಕಾಯಲೇಬಾರದ ಇಬ್ಬರಿದ್ದಾರೆ: ಗರ್ಭಿಣಿ ಮತ್ತು ನವಜಾತ ಶಿಶು. ಗರ್ಭದ ಮೊದಲ ಮೂರು ತಿಂಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ರಸವೇ ಆಸರೆ. ಮೊದಲಿನಿಂದ ಮಾತ್ರೆ ಸೇವಿಸುತ್ತಿರುವವರು ಗರ್ಭ ನಿಂತಿತೆಂದು ತಿಳಿದೊಡನೆ ವೈದ್ಯರನ್ನು ಕಾಣಬೇಕು. ಬಹುಪಾಲು ಸಂದರ್ಭಗಳಲ್ಲಿ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಹುಟ್ಟಿನಿಂದಲೇ ಈ ಕೊರತೆಯಿರುವ ಕೂಸು ನೋಡಲು ಆರೋಗ್ಯವಾಗಿಯೇ ಕಾಣುತ್ತದೆ, ಯಾವ ಅಜ್ಜಿಯ ಅನುಭವಕ್ಕೂ ಅದು ಸಿಗದು. ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆಯುವ ನಾಲ್ಕು ಹನಿ ರಕ್ತ ಅದನ್ನು ಹೇಳುತ್ತದೆ. ಎರಡು ವಾರದೊಳಗೆ ಚಿಕಿತ್ಸೆ ಆರಂಭವಾದರೆ ಆ ಮಗು ಎಲ್ಲರಂತೆ ಬೆಳೆಯಬಲ್ಲದು. ತಡವಾದರೆ ಬುದ್ಧಿಮಾಂದ್ಯ ಶಾಶ್ವತವಾಗಬಹುದು. ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿರಿ.

“ನೀವು ಆಯುರ್ವೇದದವರಾಗಿ ಇಂಗ್ಲಿಷ್ ಮಾತ್ರೆಯ ಪರ ಮಾತನಾಡುವಿರಾ?” ಎಂದು ಕೇಳುವವರಿದ್ದಾರೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗಳಗಂಡದ ವರ್ಣನೆಯಿದೆ. ಅದು ಕುತ್ತಿಗೆಯ ಊತದ ವರ್ಣನೆ. ಇಂದು ನಾವು ಥೈರಾಯ್ಡ್ ಕೊರತೆಯೆನ್ನುವ ಸ್ಥಿತಿಯೂ ಅದೂ ಒಂದೇ ಎಂದು ಹೇಳುವುದು ಶಾಸ್ತ್ರಕ್ಕೂ ನ್ಯಾಯವಲ್ಲ, ರೋಗಿಗೂ ನ್ಯಾಯವಲ್ಲ. ಪಥ್ಯ, ವ್ಯಾಯಾಮ, ಮಲಬದ್ಧತೆಗೆ ಚಿಕಿತ್ಸೆ ಇವುಗಳಿಂದ ಆಯುರ್ವೇದ ನೆರವಾಗಬಲ್ಲದು. ಆದರೆ ಸೊರಗಿದ ಗ್ರಂಥಿ ಕೊಡಲಾರದ ರಸವನ್ನು ತುಂಬಿಕೊಡುವುದು ಥೈರಾಕ್ಸಿನ್ ಮಾತ್ರೆ. ನನ್ನ ಔಷಧವನ್ನೇ ಆಗಲಿ, ಥರ್ಮಾಮೀಟರಿನ ಅಂಕಿಯನ್ನೇ ಆಗಲಿ ನಂಬಿ ಅದನ್ನು ತಾವಾಗಿಯೇ ನಿಲ್ಲಿಸಬೇಡಿರಿ.

ಟಿ.ಎಸ್.ಎಚ್. ಪರೀಕ್ಷೆಗೆ ತಗಲುವುದು ಕೆಲವು ನೂರು ರೂಪಾಯಿ. ಅದನ್ನು ಮಾಡಿಸಲು ದೊಡ್ಡ ನಗರಕ್ಕೆ ಹೋಗಬೇಕಾಗಿಲ್ಲ. ರಕ್ತವನ್ನು ಮನೆಗೇ ಬಂದು ಒಯ್ಯುವ ಲ್ಯಾಬಿನವರೂ ಇದ್ದಾರೆ. ಅಂಕಿ ತುಸು ಏರಿದೆಯೆಂದ ಮಾತ್ರಕ್ಕೆ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಅಗತ್ಯವಿದ್ದರೆ ಎಫ್.ಟಿ.4 ಪರೀಕ್ಷೆಯನ್ನೂ ನೋಡಿ, ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ನಿರ್ಧರಿಸುತ್ತಾರೆ. ಮಾತ್ರೆ ಆರಂಭವಾದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಯಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನು ಬಳಸಿ, ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿಡಿ. ಹೆಚ್ಚು ಒಳ್ಳೆಯದೆಂದು ಬೇರೆ ಅಯೋಡಿನ್ ಸೇವಿಸಬೇಡಿ. ಅತಿಯಾದ ಅಯೋಡಿನ್ ಕೂಡ ಗ್ರಂಥಿಯನ್ನು ಕೆಡಿಸುತ್ತದೆ.

ನಿಮ್ಮ ಮನೆಯಲ್ಲಿ ಯಾರ ನಡಿಗೆ ನಿಧಾನವಾಗಿದೆ, ಯಾರ ಧ್ವನಿ ಬದಲಾಗಿದೆ ಎಂಬುದು ಯಾವ ವೈದ್ಯರಿಗಿಂತಲೂ ಮೊದಲು ನಿಮಗೇ ತಿಳಿಯುತ್ತದೆ. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರಿಗೆ ತೋರಿಸಿರಿ. ಥರ್ಮಾಮೀಟರನ್ನು ಜ್ವರ ಬಂದಾಗ ತೆಗೆಯಿರಿ.