ಕೋಳಿ ಕಂಪನಿ ಕೈಗೆ ಹೋದ ಕ್ಲಬ್: ಬ್ಲ್ಯಾಕ್‌ಬರ್ನ್ ಅಭಿಮಾನಿಗಳ ಸಿಟ್ಟು 15 ವರ್ಷವಾದ್ರೂ ಆರಿಲ್ಲ ಯಾಕೆ?

ಮೊಟ್ಟೆ ವ್ಯಾಪಾರಿಗಳು ಬೆಳಿಗ್ಗೆ ಎದ್ದು ಮೊದಲು ನೋಡೋದು ಎನ್‌ಇಸಿಸಿ ರೇಟು. ಹೊಸಪೇಟೆ ಎಷ್ಟು, ಮೈಸೂರು ಎಷ್ಟು, ಬೆಂಗಳೂರು ಎಷ್ಟು ಅಂತ. 1982ರಲ್ಲಿ ಈ ಎನ್‌ಇಸಿಸಿ ಕಟ್ಟಲು ಮುಂದೆ ನಿಂತವರು ಪುಣೆಯ ಡಾ. ಬಿ.ವಿ. ರಾವ್. ವೆಂಕಟೇಶ್ವರ ಹ್ಯಾಚರೀಸ್, ಜನರ ಬಾಯಲ್ಲಿ 'ವೆಂಕೀಸ್', ಅವರು ಕಟ್ಟಿದ ಕಂಪನಿಯೇ. ಮರಿ, ಫೀಡು, ಔಷಧಿ, ಫ್ರೋಜನ್ ಚಿಕನ್ ಎಲ್ಲದರಲ್ಲೂ ಇರುವ ಹೆಸರು. ಕೋಳಿ ಫಾರಂ ಇಟ್ಟವರಿಗೆ ಬೇರೆ ಪರಿಚಯ ಬೇಕಿಲ್ಲ.

ಇದೇ ಹೆಸರನ್ನು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಿನಲ್ಲಿ ಎತ್ತಿದರೆ ಮಾತ್ರ ಜನರ ಮುಖವೇ ಬದಲಾಗುತ್ತೆ. ಅಲ್ಲಿನ ಫುಟ್‌ಬಾಲ್ ಕ್ಲಬ್ ಬ್ಲ್ಯಾಕ್‌ಬರ್ನ್ ರೋವರ್ಸ್ 2010ರ ನವೆಂಬರ್‌ನಿಂದ ಈ ಪುಣೆ ಕುಟುಂಬದ ಕೈಯಲ್ಲಿದೆ. ಹದಿನೈದು ವರ್ಷ ಕಳೆದರೂ 'ವೆಂಕೀಸ್ ಜಾಗ ಖಾಲಿ ಮಾಡಿ' ಅನ್ನೋ ಕೂಗು ನಿಂತಿಲ್ಲ. ಹಾಗಂತ ಮಾಲೀಕರು ದುಡ್ಡು ಹಾಕಿಲ್ಲವಾ ಅಂದರೆ, ಹಾಕಿದ್ದಾರೆ. ಅದೂ ಲೆಕ್ಕವಿಲ್ಲದಷ್ಟು. ಹಾಗಾದರೆ ಜಗಳ ಯಾವುದಕ್ಕೆ?

ಬ್ಲ್ಯಾಕ್‌ಬರ್ನ್ ದೊಡ್ಡ ಊರೇನಲ್ಲ. ಜನಸಂಖ್ಯೆ ಒಂದೂಕಾಲು ಲಕ್ಷದ ಆಸುಪಾಸು. ಒಂದು ಕಾಲದಲ್ಲಿ ಬಟ್ಟೆ ಗಿರಣಿಗಳಿಂದ ಬದುಕಿದ ಊರು, ಗಿರಣಿಗಳು ಮುಚ್ಚಿದ ಮೇಲೆ ಸೊರಗಿತು. ಊರಿಗೆ ಹೆಮ್ಮೆ ಅಂತ ಉಳಿದಿದ್ದು 1875ರಲ್ಲಿ ಹುಟ್ಟಿದ ಈ ಕ್ಲಬ್. 1888ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ ಹನ್ನೆರಡು ತಂಡಗಳಲ್ಲಿ ಇದೂ ಒಂದು. ಆಮೇಲೆ ಅದೇ ಊರಿನ ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್ ತನ್ನ ಕಂಪನಿ ಮಾರಿ ಬಂದ ಹಣವನ್ನು ಕ್ಲಬ್‌ಗೆ ಸುರಿದರು. 1995ರಲ್ಲಿ ತಂಡ ಪ್ರೀಮಿಯರ್ ಲೀಗ್ ಗೆದ್ದೇಬಿಟ್ಟಿತು. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ತಂಡ ಎರಡನೇ ಸ್ಥಾನಕ್ಕೆ ಇಳಿದ ವರ್ಷ ಅದು. 2000ದಲ್ಲಿ ವಾಕರ್ ತೀರಿಕೊಂಡರು. ಅವರ ಕುಟುಂಬದ ಟ್ರಸ್ಟ್ ಹತ್ತು ವರ್ಷ ನಡೆಸಿ, ಕೊನೆಗೆ ವೆಂಕೀಸ್‌ಗೆ 2.3 ಕೋಟಿ ಪೌಂಡ್‌ಗೆ ಮಾರಿತು. ಆಗಿನ ಲೆಕ್ಕದಲ್ಲಿ ಸುಮಾರು 160 ಕೋಟಿ ರೂಪಾಯಿ, ಜೊತೆಗೆ ಕ್ಲಬ್‌ನ ಸಾಲ.

ಪ್ರೀಮಿಯರ್ ಲೀಗ್‌ನಲ್ಲಿರುವ ಕ್ಲಬ್ ಈ ರೇಟಿಗೆ ಸಿಕ್ಕಿದ್ದು ಅಗ್ಗವೇ. ಆದರೆ ಹೊಸ ಅಂಗಡಿ ಕೊಂಡವರು ಮೊದಲು ಮಾಡಬಾರದ ಕೆಲಸವನ್ನೇ ಇವರು ಮಾಡಿದರು. ಬಂದ ತಿಂಗಳೊಳಗೆ, ತಂಡವನ್ನು ಸುರಕ್ಷಿತ ಜಾಗದಲ್ಲಿ ಇಟ್ಟಿದ್ದ ಅನುಭವಿ ಮ್ಯಾನೇಜರ್ ಸ್ಯಾಮ್ ಅಲ್ಲಾರ್ಡೈಸ್ ಅವರನ್ನು ತೆಗೆದರು. ಆ ಜಾಗಕ್ಕೆ ಅಲ್ಲಿವರೆಗೆ ಎಲ್ಲೂ ಮ್ಯಾನೇಜರ್ ಆಗಿರದ ಸ್ಟೀವ್ ಕೀನ್ ಬಂದರು. ಮರುವರ್ಷ ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ವೆಂಕೀಸ್ ಚಿಕನ್ ತಿನ್ನುವ ಜಾಹೀರಾತು ಬಂತು. ಇಂಗ್ಲೆಂಡಿನಾದ್ಯಂತ ಬೇರೆ ತಂಡಗಳವರು ನಕ್ಕರು. 2012ರ ಮೇನಲ್ಲಿ ಸ್ವಂತ ಮೈದಾನ ಈವುಡ್ ಪಾರ್ಕ್‌ನಲ್ಲಿ ವಿಗಾನ್ ವಿರುದ್ಧ ಸೋತು ತಂಡ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿತ್ತು. ಅವತ್ತು ಯಾರೋ ಅಭಿಮಾನಿ ಒಂದು ಜೀವಂತ ಕೋಳಿಗೆ ಕ್ಲಬ್ಬಿನ ಬಾವುಟ ಸುತ್ತಿ ಮೈದಾನಕ್ಕೆ ಬಿಟ್ಟಿದ್ದ. ಆ ಕೋಳಿಯ ಫೋಟೋ ಪ್ರಪಂಚ ಸುತ್ತಿತು. ಆವತ್ತಿನಿಂದ ಇವತ್ತಿನವರೆಗೆ ತಂಡ ಮತ್ತೆ ಪ್ರೀಮಿಯರ್ ಲೀಗ್ ಮುಟ್ಟಿಲ್ಲ. 2017ರಲ್ಲಿ ಮೂರನೇ ದರ್ಜೆಗೂ ಇಳಿದು ಒಂದು ವರ್ಷ ಅಲ್ಲಿದ್ದು ಬಂತು.

ಇಲ್ಲಿ ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ಎರಡನೇ ದರ್ಜೆ, ಅಂದರೆ ಚಾಂಪಿಯನ್‌ಶಿಪ್‌ನಲ್ಲಿ, ಕ್ಲಬ್ ನಡೆಸೋದು ವ್ಯಾಪಾರವೇ ಅಲ್ಲ. ಆಟಗಾರರ ಸಂಬಳವೇ ಒಟ್ಟು ಆದಾಯವನ್ನು ಮೀರುವ ಕ್ಲಬ್‌ಗಳು ಅಲ್ಲಿ ಸಾಮಾನ್ಯ. ಗಲ್ಲಾಪೆಟ್ಟಿಗೆಗೆ ನೂರು ರೂಪಾಯಿ ಬಂದರೆ ಕೆಲಸದವರ ಸಂಬಳಕ್ಕೇ ನೂರಕ್ಕಿಂತ ಹೆಚ್ಚು ಹೋಗುತ್ತೆ. ಉಳಿದ ಖರ್ಚು ಬೇರೆ. ಮೂರು ವರ್ಷಕ್ಕೆ 3.9 ಕೋಟಿ ಪೌಂಡ್‌ವರೆಗೆ ನಷ್ಟ ಮಾಡಿಕೊಳ್ಳಬಹುದು ಅಂತ ನಿಯಮವೇ ಇದೆ ಅಂದರೆ ಪರಿಸ್ಥಿತಿ ಅರ್ಥ ಮಾಡ್ಕೊಳ್ಳಿ. ಆ ಕೊರತೆ ತುಂಬೋದು ಮಾಲೀಕರ ಜೇಬಿನಿಂದ. ವೆಂಕೀಸ್ ಕುಟುಂಬ ಹೀಗೆ ಹಾಕಿದ ಹಣ 20 ಕೋಟಿ ಪೌಂಡ್ ದಾಟಿದೆ ಅನ್ನೋದು ಸಾಮಾನ್ಯವಾಗಿ ಕೇಳಿಬರುವ ಅಂದಾಜು. ಈಗಿನ ರೇಟಿಗೆ ಎರಡು ಸಾವಿರ ಕೋಟಿ ರೂಪಾಯಿಗೂ ಮೇಲೆ. ಅಷ್ಟರ ಮಟ್ಟಿಗೆ ಇವರನ್ನು ಲೂಟಿಕೋರರು ಅನ್ನೋದು ತಪ್ಪಾಗುತ್ತೆ.

ಪುಣೆಯಿಂದ ಹೋಗುತ್ತಿದ್ದ ಆ ನಲ್ಲಿ 2023ರಲ್ಲಿ ಬಿಗಿಯಾಯಿತು. ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ ಅಡಿ ಜಾರಿ ನಿರ್ದೇಶನಾಲಯ ತನಿಖೆ ನಡೆಸುತ್ತಿದ್ದ ಕಾರಣ, ಹಣ ಕಳಿಸಬೇಕಾದರೆ ಕುಟುಂಬದವರು ದೆಹಲಿ ಹೈಕೋರ್ಟ್ ಅನುಮತಿ ಕೇಳಬೇಕಾಯ್ತು. ಕಳಿಸುವ ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿಯನ್ನೂ ಇಡಬೇಕಾಯ್ತು. ತನಿಖೆ ಅಂದಾಕ್ಷಣ ತಪ್ಪು ಸಾಬೀತಾದಂತೆ ಅಲ್ಲ. ಆದರೆ ಕೋರ್ಟಿನ ತಾರೀಕು ಮುಂದಕ್ಕೆ ಹೋದರೆ ಏಳು ಸಾವಿರ ಕಿಲೋಮೀಟರ್ ಆಚೆಯ ಊರಿನಲ್ಲಿ ಆಟಗಾರರನ್ನು ಮಾರಬೇಕಾಗುತ್ತೆ. ಹಾಗೇ ಆಯ್ತು. ಬ್ಲ್ಯಾಕ್‌ಬರ್ನ್‌ನಲ್ಲೇ ಹುಟ್ಟಿ ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದ ಆಡಂ ವಾರ್ಟನ್ 2024ರ ಆರಂಭದಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ಗೆ ಮಾರಾಟವಾದ. ಐದು ತಿಂಗಳಲ್ಲಿ ಅದೇ ಹುಡುಗ ಯೂರೋ ಕಪ್‌ನ ಇಂಗ್ಲೆಂಡ್ ತಂಡದಲ್ಲಿದ್ದ. ಆ ಸೀಸನ್‌ನಲ್ಲಿ 27 ಗೋಲು ಹೊಡೆದು ಲೀಗ್‌ಗೇ ಮೊದಲಿಗನಾದ ಸ್ಯಾಮಿ ಜ್ಮೋಡಿಕ್ಸ್‌ನನ್ನೂ ಬೇಸಿಗೆಯಲ್ಲಿ ಕೊಟ್ಟುಬಿಟ್ಟರು. ತಂಡ ಕೊನೇ ದಿನ ಲೆಸ್ಟರ್‌ನಲ್ಲಿ ಗೆದ್ದು ಬಚಾವಾಗಿದ್ದೇ ಅವನ ಎರಡು ಗೋಲಿನಿಂದ.

2025ರ ಫೆಬ್ರವರಿಯಲ್ಲಿ ಇನ್ನೊಂದು ವಿಚಿತ್ರ. ತಂಡ ಬಡ್ತಿ ರೇಸಿನಲ್ಲಿ ಮೇಲಿನ ಆರರೊಳಗಿದ್ದಾಗಲೇ ಮ್ಯಾನೇಜರ್ ಜಾನ್ ಯೂಸ್ಟೇಸ್ ಬಿಟ್ಟು, ಕೆಳಗಿಳಿಯುವ ಭಯದಲ್ಲಿದ್ದ ಡರ್ಬಿ ತಂಡಕ್ಕೆ ಹೋದರು. ಚೆನ್ನಾಗಿ ನಡೆಯೋ ಹೋಟೆಲ್ ಬಿಟ್ಟು ಬಾಗಿಲು ಹಾಕೋ ಹೋಟೆಲ್ಲಿಗೆ ಭಟ್ಟರು ಯಾಕೆ ಹೋಗ್ತಾರೆ? ಅಡುಗೆಮನೆಗೆ ಸಾಮಾನು ಬರ್ತಿಲ್ಲ ಅಂತಲೇ ಅಭಿಮಾನಿಗಳು ಅರ್ಥ ಮಾಡಿಕೊಂಡರು. ತಂಡ ಏಳನೇ ಸ್ಥಾನಕ್ಕೆ ನಿಂತು ಅವಕಾಶ ಕಳ್ಕೊಂಡಿತು. ಅದೇ ಮೇ ತಿಂಗಳಲ್ಲಿ ಮಹಿಳಾ ತಂಡ ಎರಡನೇ ದರ್ಜೆ ಲೀಗ್‌ನಿಂದ ಹಿಂದೆ ಸರಿಯಿತು. ಆ ಮಟ್ಟದಲ್ಲಿ ಉಳಿಯಲು ಬೇಕಾದ ಖರ್ಚಿಗೆ ಮಾಲೀಕರು ಒಪ್ಪಲಿಲ್ಲ.

ಇನ್ನು ಅಭಿಮಾನಿಗಳು ಏನು ಮಾಡಬಹುದು? 2016ರಲ್ಲಿ ಅವರು ಒಂದು ಪಂದ್ಯಕ್ಕೆ 18ನೇ ನಿಮಿಷಕ್ಕೆ ಒಳಗೆ ಬಂದು 75ನೇ ನಿಮಿಷಕ್ಕೆ ಎದ್ದು ಹೋದರು. ಕ್ಲಬ್ ಹುಟ್ಟಿದ ವರ್ಷ 1875 ಅಲ್ವಾ, ಅದರ ಲೆಕ್ಕ. ಕೆಲವರು ಸೀಸನ್ ಟಿಕೆಟ್ಟನ್ನೇ ಬಿಟ್ಟರು. 31 ಸಾವಿರ ಜನ ಹಿಡಿಸುವ ಮೈದಾನದಲ್ಲಿ ಈಗ ಸುಮಾರು ಅರ್ಧ ಕುರ್ಚಿಗಳು ಖಾಲಿ.

ಆದರೆ ಬಹಿಷ್ಕಾರ ಎಲ್ಲಾ ಕಡೆ ಒಂದೇ ಥರ ಕೆಲಸ ಮಾಡಲ್ಲ. ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಆಗ ಮಾಲೀಕರಾಗಿದ್ದ ದೇಜ್‌ಫೊನ್ ಚಾನ್ಸಿರಿ ಥಾಯ್ಲೆಂಡಿನ ಡಬ್ಬಿ ಮೀನಿನ ವ್ಯಾಪಾರಿ ಕುಟುಂಬದವರು. 2025ರಲ್ಲಿ ಆಟಗಾರರಿಗೆ ತಿಂಗಳ ಸಂಬಳವೇ ಸರಿಯಾಗಿ ಆಗಲಿಲ್ಲ. ಜನ ಟಿಕೆಟ್, ಜೆರ್ಸಿ, ಟೀ ಯಾವುದಕ್ಕೂ ದುಡ್ಡು ಬಿಚ್ಚಲಿಲ್ಲ. ಮಾಲೀಕನ ಜೇಬೂ ಬರಿದು, ಗಲ್ಲಾನೂ ಬರಿದು. ಅಕ್ಟೋಬರ್ 24ರಂದು ಕ್ಲಬ್ ಆಡಳಿತಾಧಿಕಾರಿಗಳ ಕೈಗೆ ಹೋಯ್ತು, 12 ಅಂಕ ಕಡಿತವಾಯ್ತು. ಹನ್ನೆರಡು ಅಂಕ ಹೋದ ದಿನವೇ ಜನ ಖುಷಿಯಿಂದ ಟಿಕೆಟ್ ಕೊಳ್ಳಲು ಸಾಲು ನಿಂತರು! ತಮ್ಮ ಗಿರಾಕಿಗಳ ಸಿಟ್ಟು ಅಂಗಡಿ ಮೇಲಾ, ಯಜಮಾನನ ಮೇಲಾ ಅಂತ ತಿಳಿಯದ ವ್ಯಾಪಾರಿಗಳು ಈ ದೃಶ್ಯ ನೋಡಬೇಕಿತ್ತು.

ಬ್ಲ್ಯಾಕ್‌ಬರ್ನ್‌ನಲ್ಲಿ ಈ ಮದ್ದು ಹತ್ತಲ್ಲ. ಯಾಕೆಂದರೆ ಅಲ್ಲಿ ಅಂಗಡಿ ನಡೀತಿರೋದು ಗಲ್ಲಾದಿಂದ ಅಲ್ಲ, ಪುಣೆಯ ಜೇಬಿನಿಂದ. ಗೇಟ್ ಕಲೆಕ್ಷನ್ ಕಡಿಮೆಯಾದರೆ ಮಾಲೀಕರಿಗೆ ತಟ್ಟೋದು ಅಷ್ಟಕ್ಕಷ್ಟೇ. ಆ ಕೊರತೆಗೆ ಮತ್ತೊಬ್ಬ ಆಟಗಾರ ಮಾರಾಟವಾಗ್ತಾನೆ. ಹೋಗೋರು ಹೋದರೆ ಸಾಕು ಅನ್ನೋದೂ ಅಪಾಯವೇ. ಅದೇ ಸೀಮೆಯ ಬ್ಯೂರಿ ಕ್ಲಬ್ 2018ರಲ್ಲಿ ಒಂದೇ ಒಂದು ಪೌಂಡ್‌ಗೆ ಹೊಸ ಮಾಲೀಕನ ಕೈಗೆ ಹೋಗಿತ್ತು. 2019ರ ಆಗಸ್ಟ್ 27ರಂದು ಅದನ್ನು ಲೀಗ್‌ನಿಂದಲೇ ಹೊರಹಾಕಿದರು. ಅವತ್ತು ಬೆಳಿಗ್ಗೆ ಊರಿನವರು ಪೊರಕೆ, ಬಕೆಟ್ ಹಿಡಿದು ಬಂದು ಮುಂದಿನ ಪಂದ್ಯಕ್ಕೆ ಅಂತ ಮೈದಾನ ಗುಡಿಸಿ ತೊಳೆದಿದ್ದರು. ರಾತ್ರಿ ಸುದ್ದಿ ಬಂತು.

ಈ ಬ್ಯೂರಿ ಪ್ರಕರಣದ ನಂತರ ಎದ್ದ ಗಲಾಟೆಯೂ ಸೇರಿ, 2025ರ ಜುಲೈನಲ್ಲಿ ಬ್ರಿಟನ್ ಫುಟ್‌ಬಾಲ್ ಆಡಳಿತ ಕಾಯ್ದೆ ತಂದಿದೆ. ಸ್ವತಂತ್ರ ನಿಯಂತ್ರಕರು, ಕ್ಲಬ್‌ಗಳಿಗೆ ಲೈಸೆನ್ಸ್, ಮಾಲೀಕರ ತಪಾಸಣೆ, ಅಭಿಮಾನಿಗಳ ಜೊತೆ ಸಮಾಲೋಚನೆ ಎಲ್ಲಾ ಅದರಲ್ಲಿದೆ. ಇಲ್ಲಿ ಅಂಥ ವ್ಯವಸ್ಥೆ ಇಲ್ಲ. ಲೀಗ್ ನಡೆಯೋದೇ ಗ್ಯಾರಂಟಿ ಇಲ್ಲದೆ ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳ ನಿಲ್ಲಿಸಿದಾಗ ಅಭಿಮಾನಿಗಳು ಯಾರ ಬಾಗಿಲು ತಟ್ಟಬೇಕು ಅನ್ನೋದೇ ಗೊತ್ತಾಗಲಿಲ್ಲ.

ಬ್ಲ್ಯಾಕ್‌ಬರ್ನ್ ಮಂದಿ ಕೇಳ್ತಿರೋದು ಎರಡು ಸಾವಿರ ಕೋಟಿಯ ಲೆಕ್ಕವನ್ನಲ್ಲ. ವರ್ಷಗಟ್ಟಲೆ ಈವುಡ್ ಪಾರ್ಕ್ ಕಡೆ ತಲೆ ಹಾಕದ ಮಾಲೀಕರು ಒಂದು ಸಲ ಬಂದು ಎದುರಿಗೆ ಕೂತು ಮಾತಾಡಲಿ. ಇಟ್ಟುಕೊಳ್ತೀರಾ, ಮಾರ್ತೀರಾ, ಮಾರೋದಾದರೆ ಎಷ್ಟಕ್ಕೆ? ಇದಕ್ಕೆ ಪುಣೆಯಿಂದ ಉತ್ತರ ಬಂದಿಲ್ಲ. ಅವರ ಕಣ್ಣೆಲ್ಲ ಮುಂದಿನ ಆಟಗಾರರ ಮಾರಾಟದ ಮೇಲೆ, ಈ ಸಲ ಯಾರು ಹೋಗ್ತಾರೋ ಅಂತ.